ಬದನೆಕಾಯಿಯ ವಿಚಾರಣೆ, ಬಳೆಯ ತೀರ್ಪು

ತಪ್ಪು ಕಂಡುಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಪೀಣ್ಯದಲ್ಲಿ ಯಾರೂ ಇಲ್ಲ. ಇದು ಜಂಬದ ಮಾತಲ್ಲ, ನಮ್ಮ ಕಾರ್ಖಾನೆಯವರೇ ಒಪ್ಪುತ್ತಾರೆ. ಒಪ್ಪುವ ಧಾಟಿ ಮಾತ್ರ ಸ್ವಲ್ಪ ಬೇರೆ. ಬೆನ್ನ ಹಿಂದೆ ನನ್ನನ್ನು "ರಿಜೆಕ್ಟ್ ಮೇಡಂ" ಅನ್ನುತ್ತಾರೆ.

ನಮ್ಮದು ಮೋಟಾರುಗಳಿಗೆ ಬುಷ್ ಮಾಡಿಕೊಡುವ ಸಣ್ಣ ಕಾರ್ಖಾನೆ. ಅಲ್ಲಿನ ಗುಣಮಟ್ಟ ವಿಭಾಗ ನನ್ನದು. ಬುಷ್ ಅಂದರೆ ದಪ್ಪ ಉಂಗುರದಂಥ ಲೋಹದ ತುಂಡು. ಅದರ ತೂತಿನ ಅಳತೆ ಸರಿಯಿದೆಯೇ ಎಂದು ನೋಡಲು ಗೇಜು ಎಂಬ ಉಕ್ಕಿನ ಕಡ್ಡಿ ಇದೆ. ಅದರ ಒಂದು ತುದಿ ತೂತಿನೊಳಗೆ ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಬುಷ್ ತಿರಸ್ಕೃತ! ಒಮ್ಮೆ ಒಬ್ಬ ಮಹಾಶಯ ತನ್ನ ಮಾಲು ಪಾಸಾಗಲಿ ಅಂತ ಗೇಜನ್ನೇ ಎಮರಿ ಹಾಳೆಯಲ್ಲಿ ಉಜ್ಜಿ ಸಣ್ಣ ಮಾಡಿದ್ದ. ಅವತ್ತು ಎಲ್ಲರ ಊಟ ತಡಮಾಡಿಸಿ ಭಾಷಣ ಬಿಗಿದೆ. "ಮಾಲು ಸರಿ ಇಲ್ದಿದ್ರೆ ಮಾಲು ಸರಿಮಾಡಿ. ಗೇಜ್ ಮುಟ್ಟೋರು ಮನುಷ್ಯರೇ ಅಲ್ಲ!" ಅದೇ ಬಿಸಿಯಲ್ಲಿ ನನ್ನ ಎರಡನೆಯ ಸಿದ್ಧಾಂತವನ್ನೂ ಸಾರಿದೆ. "ಮಿಷನ್ ಕೆಟ್ಟಾಗ ಒಂದು ಸಲಕ್ಕೆ ಒಂದೇ ಚೇಂಜ್ ಮಾಡಿ. ಟೂಲು, ಎಣ್ಣೆ, ಸ್ಪೀಡು ಎಲ್ಲ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಹೆಂಗ್ರಪ್ಪಾ ಗೊತ್ತಾಗುತ್ತೆ?" ಎಲ್ಲರ ಕಣ್ಣೂ ಊಟದ ಡಬ್ಬಿಯ ಮೇಲಿತ್ತು. ಹೊಟ್ಟೆ ಹಸಿದಿತ್ತು, ಪಾಪ.

ಇಂಥ ನನ್ನ ಬೆರಳುಗಳು ಒಂದು ಬೆಳಿಗ್ಗೆ ಮುಷ್ಕರ ಹೂಡಿದವು. ಹಾಲಿನ ಪ್ಯಾಕೆಟ್ ಕತ್ತರಿಸಲು ಹೋದರೆ ಕತ್ತರಿ ಹಿಡಿಯಲು ಆಗುತ್ತಿಲ್ಲ. ಟಿಫಿನ್ ಡಬ್ಬಿಯ ಮುಚ್ಚಳ ತಿರುಗುತ್ತಿಲ್ಲ. ಮುಷ್ಟಿ ಕಟ್ಟಿದರೆ ಬಿಚ್ಚುತ್ತಿಲ್ಲ, ಬಿಚ್ಚಿದರೆ ಕಟ್ಟುತ್ತಿಲ್ಲ. ಹತ್ತು ಗಂಟೆಯ ಹೊತ್ತಿಗೆ ಎಲ್ಲ ಸಡಿಲವಾಗಿ ಮಾಮೂಲಿಗೆ ಬಂತು. ಮಾರನೆಯ ಬೆಳಿಗ್ಗೆ ಮತ್ತೆ ಮುಷ್ಕರ. ಕೆಲವೇ ದಿನಗಳಲ್ಲಿ ಬೆರಳಿನ ಬುಡದ ಗೆಣ್ಣುಗಳು ಊದಿ, ಸ್ನಾನಕ್ಕೆ ಮುಂಚೆ ತೆಗೆದಿಟ್ಟ ನನ್ನ ಎರಡು-ನಾಲ್ಕು ಅಳತೆಯ ಬಳೆ ಮತ್ತೆ ಏರಲೇ ಇಲ್ಲ.

ನಮ್ಮ ಯಜಮಾನರು ಚಂದ್ರಶೇಖರ್ ನನ್ನನ್ನು ಕೀಲುರೋಗದ ಡಾಕ್ಟರ ಹತ್ತಿರ ಕರೆದೊಯ್ದರು. ಶಾಂತ ಮುಖದ, ನಿಧಾನವಾಗಿ ಮಾತಾಡುವ ಹೆಂಗಸು. ರಕ್ತದ ವರದಿ ನೋಡಿ, "ರುಮಟಾಯ್ಡ್ ಆರ್ಥ್ರೈಟಿಸ್," ಅಂದರು. "ಹೊರಗಿಂದ ರೋಗ ಬಂದರೆ ಹೊಡೆದು ಓಡಿಸೋಕೆ ನಮ್ಮ ಮೈಯಲ್ಲಿ ಒಂದು ಪಡೆ ಇರುತ್ತಲ್ಲಾ, ಅದಕ್ಕೆ ಗೊಂದಲ ಆಗಿದೆ. ನಿಮ್ಮ ಕೀಲುಗಳನ್ನೇ ಶತ್ರು ಅಂದ್ಕೊಂಡು ಹೊಡೀತಿದೆ."

ಅಂದರೆ ನೆಟ್ಟಗಿರುವ ಮಾಲನ್ನೂ ತಿರಸ್ಕರಿಸುತ್ತಿದೆ! ನನ್ನೊಳಗೂ ಒಬ್ಬಳು ರಿಜೆಕ್ಟ್ ಮೇಡಂ ಕೂತಿದ್ದಾಳೆ! ಇದನ್ನು ದಾರಿಯಲ್ಲಿ ಇವರಿಗೆ ಹೇಳಿದ್ದು ತಪ್ಪಾಯಿತು. "ಹಾಗಾದ್ರೆ ವಾಸಿಯಾಗೋದು ಕಷ್ಟ ಕಣೇ," ಅಂದುಬಿಟ್ಟರು.

ಡಾಕ್ಟರು ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದುಕೊಟ್ಟರು. ನಾನು ಕಾಯುತ್ತಿದ್ದದ್ದು ಅದರ ಮುಂದಿನ ಮಾತಿಗೆ.

"ಡಾಕ್ಟ್ರೇ, ಪಥ್ಯ?"

"ಅಂಥದ್ದೇನಿಲ್ಲ. ತರಕಾರಿ, ಹಣ್ಣು, ಕಾಳು ಚೆನ್ನಾಗಿ ತಿನ್ನಿ. ಕರಿದದ್ದು, ಸಿಹಿ ಸ್ವಲ್ಪ ಕಡಿಮೆ ಮಾಡಿ."

"ಬದನೆಕಾಯಿ?"

"ತಿನ್ನಿ."

"ಹುಳಿ?"

"ತಿನ್ನಿ."

"ಹಾಗಾದ್ರೆ ಏನೂ ಬಿಡೋದು ಬೇಡ್ವಾ?"

"ಮಾತ್ರೆ ಬಿಡಬೇಡಿ. ಅದೊಂದು ನೆನಪಿಟ್ಟುಕೊಳ್ಳಿ. ಗುಣ ಕಾಣೋಕೆ ಎರಡು ಮೂರು ತಿಂಗಳು ಹಿಡಿಯುತ್ತೆ."

ನನಗೆ ತೀವ್ರ ನಿರಾಶೆಯಾಯಿತು. ಪಥ್ಯ ಹೇಳದ ವೈದ್ಯರನ್ನು ನಮ್ಮ ವಂಶದಲ್ಲಿ ಯಾರೂ ನಂಬಿದವರಲ್ಲ. ನೆಗಡಿಯಾದರೆ ಬಾಳೆಹಣ್ಣು ಬಿಡಿಸುತ್ತಾರೆ, ಗಾಯವಾದರೆ ಕುಂಬಳಕಾಯಿ ಬಿಡಿಸುತ್ತಾರೆ. ಏನನ್ನಾದರೂ ಬಿಡದೆ ಕಾಯಿಲೆ ಹೋಗುವುದೆಂದರೆ ಟಿಕೆಟ್ ತೆಗೆದುಕೊಳ್ಳದೆ ಬಸ್ಸಿನಲ್ಲಿ ಕೂತ ಹಾಗೆ. ಮನಸ್ಸಿಗೆ ನೆಮ್ಮದಿಯೇ ಇಲ್ಲ!

ಸಂಜೆ ಅವ್ವನಿಗೆ ಫೋನ್ ಮಾಡಿದೆ. ಅವ್ವ ದಾವಣಗೆರೆ ಕಡೆಯವಳು. ಮಾಕಳಿಯ ಶಾಲೆಯೊಂದರಲ್ಲಿ ಟೀಚರಾಗಿರುವ ನನ್ನ ತಂಗಿ ಸುಮಾಳ ಜೊತೆ ಅಲ್ಲೇ ಬಾಡಿಗೆ ಮನೆಯಲ್ಲಿದ್ದಾಳೆ. ಸುಮಾಳ ಮದುವೆ ಗೊತ್ತಾಗಿತ್ತು, ಹಿಂದಿನ ತಿಂಗಳಷ್ಟೇ ನಿಶ್ಚಿತಾರ್ಥ ಮುಗಿದಿತ್ತು. ನನ್ನ ಕಾಯಿಲೆಯ ಹೆಸರು ಕೇಳಿದ ಅವ್ವ ಮೊದಲು ಅತ್ತಳು. ಆಮೇಲೆ ದನಿ ತಗ್ಗಿಸಿದಳು.

"ಇದು ರಕ್ತದಾಗೆ ಬರೋದಂತಾ?"

"ಕೆಲವರ ಮನೆತನದಲ್ಲಿ ಬರಬಹುದಂತೆ, ಬರಲೇಬೇಕು ಅಂತೇನಿಲ್ಲವಂತೆ."

"ಅಷ್ಟು ಸಾಕು! ಬೀಗರ ಕಿವಿಗೆ ಬಿದ್ರೆ ಮುಗೀತು. ಅಕ್ಕನಿಗೆ ಐತೆ ಅಂದ್ರೆ ನಾಳೆ ತಂಗಿಗೂ ಬರತೈತೆ ಅಂತಾರೆ. ಆ ಪಾರ್ವತಮ್ಮನ ಕಣ್ಣು ನೋಡಿದೀಯಲ್ಲ? ಮದುವೆ ಮುಗಿಯೋತನಕ ನಿನ್ನ ಕೈ ಯಾರಿಗೂ ತೋರಿಸಬ್ಯಾಡ."

ಪಾರ್ವತಮ್ಮ ಅಂದರೆ ಹುಡುಗನ ತಾಯಿ. ಹಣೆ ತುಂಬ ವಿಭೂತಿ, ಮೈತುಂಬ ಸೆರಗು, ತೂಕದ ಮಾತು. ನಿಶ್ಚಿತಾರ್ಥದ ದಿನ ಸೆರಗಿನೊಳಗಿಂದ ಕೈ ಹೊರಗೆ ತೆಗೆದವರೇ ಅಲ್ಲ. "ಎಂಥಾ ಗೌರವಸ್ಥರು ನೋಡು," ಎಂದು ಅವ್ವ ಬೆರಗಾಗಿದ್ದಳು. ಅವರು ಊಟಕ್ಕೆ ಕೂತು, ಸೆರಗಿನ ಮರೆಯಲ್ಲೇ ನಾಲ್ಕು ತುತ್ತು ಉಂಡು, ಅವ್ವ ಮಾಡಿದ ಎಣ್ಣೆಗಾಯಿಯನ್ನು ಮುಟ್ಟದೆ ಬಿಟ್ಟಾಗ ಮಾತ್ರ ಅದೇ ಅವ್ವನ ಮುಖ ಸಣ್ಣದಾಗಿತ್ತು. ಜೋಳದ ರೊಟ್ಟಿಯ ಜೊತೆ ಎಣ್ಣೆಗಾಯಿ ಬೇಡ ಅನ್ನುವವರನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಎಳೆ ಬದನೆಕಾಯಿಗೆ ಮಸಾಲೆ ತುಂಬಿ ಎಣ್ಣೆಯಲ್ಲಿ ಬೇಯಿಸಿದ ಆ ಪಲ್ಯಕ್ಕೆ ನಮ್ಮ ಯಜಮಾನರಂತೂ ಆಸ್ತಿ ಬರೆದುಕೊಟ್ಟಾರು. "ಈಯಮ್ಮ ಎಲ್ಲದರಲ್ಲೂ ಕೊರತೆ ಹುಡುಕ್ತಾಳೆ," ಎಂದು ಅವ್ವ ಅವತ್ತೇ ತೀರ್ಮಾನಿಸಿದ್ದಳು.

ಕೈ ಮುಚ್ಚಿಟ್ಟುಕೊಳ್ಳಬಹುದಿತ್ತು. ಆದರೆ ಬಳೆ ಶಾಸ್ತ್ರ? ಮದುವೆಗೆ ಮೂರು ತಿಂಗಳ ಚಿಲ್ಲರೆ ಉಳಿದಿತ್ತು. ಅದಕ್ಕೆ ಮುಂಚೆ ಎರಡೂ ಮನೆಯ ಮುತ್ತೈದೆಯರು ಸಾಲಾಗಿ ಕೂತು, ಎಲ್ಲರೆದುರು ಹಸಿರು ಗಾಜಿನ ಬಳೆ ಇಡಿಸಿಕೊಳ್ಳಬೇಕು. ಬಳೆ ಏರಬೇಕಾದದ್ದು ಸರಿಯಾಗಿ ಈ ಗೆಣ್ಣುಗಳ ಮೇಲೆಯೇ! ಆಗಲೇ ನನಗೆ ಹೊಳೆದದ್ದು. ಬಳೆಯೇ ಗೇಜು, ಕೈಯೇ ಮಾಲು. ಮೂರು ತಿಂಗಳೊಳಗೆ ಎರಡು-ನಾಲ್ಕರ ಬಳೆ ಏರಿದರೆ ನಾನು ಪಾಸು, ತಂಗಿಯ ಮದುವೆ ಸಲೀಸು. ಏರದಿದ್ದರೆ? ಅದನ್ನು ಯೋಚಿಸಲಿಲ್ಲ. ನನ್ನ ಕೈಗೆ ಬಂದ ಸಮಸ್ಯೆ ಸುಮ್ಮನೆ ಹಾಗೇ ಉಳಿದದ್ದುಂಟೇ!

ಮಾತ್ರೆ ಶುರುವಾಯಿತು. ಜೊತೆಗೆ ಪಥ್ಯದ ಶೋಧನೆಯೂ ಶುರುವಾಯಿತು.

ವಾಟ್ಸಾಪ್ ಮನೆಮನೆಗೆ ನುಗ್ಗಿದ ಕಾಲ ಇದು. ದಾಸರಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರ ಗುಂಪಿನಲ್ಲಿ, "ಒಬ್ಬರು ಪರಿಚಯದವರಿಗೆ ಕೀಲುನೋವು, ಏನು ಬಿಡಬೇಕು?" ಎಂದು ಒಂದು ಸಾಲು ಹಾಕಿದೆ. ಸಂಜೆಯೊಳಗೆ ಫೋನ್ ಬಿಸಿಯಾಯಿತು. ಬದನೆಕಾಯಿ ಬಿಡಬೇಕು. ಟೊಮೆಟೊ, ಆಲೂಗಡ್ಡೆ ಅದರ ದಾಯಾದಿಗಳು, ಅವನ್ನೂ ಬಿಡಬೇಕು. ಮೆಣಸಿನಕಾಯಿ ಅದೇ ಕುಲ. ಹಾಲು ಕುಡಿಯಬಾರದು. ಗೋಧಿ ವಿಷ. ತೊಗರಿಬೇಳೆ ವಾಯು. ಹುಣಸೆಹಣ್ಣು ಮೂಳೆ ತಿನ್ನುತ್ತದೆ. ಮೊಸರು ಅಮೃತ ಎಂದು ಮೂರನೇ ಮಹಡಿ, ಮೊಸರು ಸರ್ವನಾಶ ಎಂದು ನಾಲ್ಕನೇ ಮಹಡಿ. ನಡುವಿನ ಮೆಟ್ಟಿಲ ಮೇಲೆ ನಾನು!

ಕೆಳಗಿನ ಮನೆಯ ಜಯಮ್ಮನವರು ಈ ಜಾಗದ ಮೂಲ ಒಡೆಯರು. ಅವರ ರಾಗಿ ಹೊಲದ ಮೇಲೆಯೇ ನಮ್ಮ ಅಪಾರ್ಟ್‌ಮೆಂಟ್ ನಿಂತಿರುವುದು. ನನ್ನ ಕೈ ಹಿಡಿದು ನೋಡಿ, "ಪರಿಚಯದೋರು ಅಂತ ಯಾಕ್ ಸುಳ್ ಏಳ್ತೀಯವ್ವಾ, ನಿಂದೇ ಕೈ," ಅಂದರು. "ನಾನೊಂದು ಏಳ್ತೀನಿ ಕೇಳು. ಅದ್ ಬಿಡು ಇದ್ ಬಿಡು ಅಂತಾರಲ್ಲ, ಅಂಗೆಲ್ಲ ಬಿಟ್ರೆ ಮೈಯಾಗೆ ಏನುಳೀತದೆ? ಆಡಿನ ಕಾಲು ತಂದು ಸೂಪ್ ಕಾಯ್ಸಿ ಕೊಡ್ತೀನಿ. ಎರಡು ವಾರ ಕುಡಿ."

"ಜಯಮ್ಮೋರೇ, ನಾವು ಲಿಂಗಾಯತರು."

"ಅದಕ್ಕೇನೀಗ? ಬರೀ ಸೂಪು. ಕಾಲು ನಾನು ತಿಂತೀನಿ!"

ನಾನು ಹುಷಾರಾಗಿ ಮೆಟ್ಟಿಲು ಹತ್ತಿ ಮನೆ ಸೇರಿದೆ.

ಈಗ ಯಾವುದನ್ನು ಬಿಡುವುದು? ನನ್ನ ಸಿದ್ಧಾಂತದ ಪ್ರಕಾರ ಒಂದು ಸಲಕ್ಕೆ ಒಂದೇ ಬಿಟ್ಟು, ಕೆಲವು ವಾರ ನೋಡಿ, ಆಮೇಲೆ ಇನ್ನೊಂದನ್ನು ಬಿಡಬೇಕು. ಆದರೆ ಹಾಗೆ ಹೋದರೆ ನನ್ನ ಬಳೆ ಏರುವ ಹೊತ್ತಿಗೆ ಸುಮಾಳ ಮಕ್ಕಳ ಮದುವೆ ಬಂದಿರುತ್ತದೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಬಿಟ್ಟೆ! ತುರ್ತು ಪರಿಸ್ಥಿತಿಯಲ್ಲಿ ಸಿದ್ಧಾಂತವನ್ನು ಸಡಿಲಿಸುವ ಅಧಿಕಾರ ಗುಣಮಟ್ಟ ವಿಭಾಗಕ್ಕೆ ಇದ್ದೇ ಇದೆ ಎಂದು ನನಗೆ ನಾನೇ ಆದೇಶ ಹೊರಡಿಸಿಕೊಂಡೆ.

ಅಡುಗೆಮನೆಯಲ್ಲಿ ಉಳಿದದ್ದು ನವಣೆ ಮತ್ತು ಹೀರೆಕಾಯಿ. ಬೆಳಿಗ್ಗೆ ನವಣೆ ಉಪ್ಪಿಟ್ಟು, ಮಧ್ಯಾಹ್ನ ನವಣೆ ಅನ್ನಕ್ಕೆ ಹೀರೆಕಾಯಿ ಪಲ್ಯ, ರಾತ್ರಿ ನವಣೆ ಗಂಜಿ. ಬೇಜಾರಾದರೆ ಹೀರೆಕಾಯಿ ಸಿಪ್ಪೆಯ ಚಟ್ನಿ, ಅದೂ ಹುಣಸೆಹಣ್ಣು ಮೆಣಸಿನಕಾಯಿ ಇಲ್ಲದೆ. ಇಬ್ಬರಿಗೆ ಬೇರೆಬೇರೆ ಅಡುಗೆ ಮಾಡಲು ಈ ಕೈಯಿಂದ ಆಗುತ್ತಿರಲಿಲ್ಲ. ಹೀಗಾಗಿ ಯಾವ ಕಾಯಿಲೆಯೂ ಇಲ್ಲದ ನಮ್ಮ ಯಜಮಾನರೂ ಪಥ್ಯಕ್ಕೆ ಬಿದ್ದರು.

"ನಾನೇನೇ ತಪ್ಪು ಮಾಡಿದ್ದೀನಿ?" ಎಂದು ತಟ್ಟೆ ನೋಡಿ ಕೇಳಿದರು.

"ಮದುವೆಯಲ್ಲಿ ಕಷ್ಟಸುಖ ಎರಡರಲ್ಲೂ ಜೊತೆಗಿರ್ತೀನಿ ಅಂದಿರಲಿಲ್ವೇನ್ರೀ?"

"ಕಷ್ಟ ಅಂದಿದ್ದೆ. ಹೀರೆಕಾಯಿ ಅಂದಿರಲಿಲ್ಲ!"

ಒಂದು ವಾರದ ಮೇಲೆ ಈ ಮನುಷ್ಯ ತುಂಬ ಖುಷಿಯಾಗಿ, ಶಿಳ್ಳೆ ಹಾಕುತ್ತ ನವಣೆ ತಿನ್ನತೊಡಗಿದರು. ನನಗೆ ಅನುಮಾನ ಬಂತು. ಅಂಗಿಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದೆ. ಜೇಬಿನ ಪಕ್ಕದಲ್ಲಿ ಕೆಂಪು ಚಟ್ನಿಯ ಕಲೆ! ಆಫೀಸಿನ ಎದುರಿನ ದರ್ಶಿನಿಯಲ್ಲಿ ದಿನಾ ಮಸಾಲೆದೋಸೆ! ಮೂಸಿ ನೋಡಿ ತೆಂಗಿನಕಾಯಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಎಂದು ವರದಿ ಕೊಟ್ಟೆ. ಅವರು ತಪ್ಪೊಪ್ಪಿಕೊಂಡರು. ಶಿಕ್ಷೆಯೇನೂ ವಿಧಿಸಲಿಲ್ಲ. ಆ ವಾಸನೆಗೆ ನನ್ನ ಬಾಯಲ್ಲೇ ನೀರು ಬಂದಿತ್ತು.

ನಿಜ ಹೇಳುತ್ತೇನೆ, ಒಳಗೊಳಗೇ ಭಯವಿತ್ತು. ಬೆಳಗಾದರೆ ಕಣ್ಣು ಬಿಡುವ ಮುಂಚೆ ಬೆರಳು ಮಡಚಿ ನೋಡುತ್ತಿದ್ದೆ. ಲಿಂಗಪೂಜೆಗೆ ಕೂತರೆ ಎಡ ಅಂಗೈ ನೆಟ್ಟಗೆ ಹರಡುತ್ತಿರಲಿಲ್ಲ, ಬಲಗೈ ಆಸರೆ ಕೊಟ್ಟು ಹಿಡಿಯುತ್ತಿದ್ದೆ. ಪೂಜೆ ಮುಗಿಸಿ ಬಳೆ ತೆಗೆದುಕೊಂಡು ಗೆಣ್ಣಿನವರೆಗೆ ತಂದು ನಿಲ್ಲಿಸುತ್ತಿದ್ದೆ. ಏರದ ಬಳೆಯನ್ನು ಮತ್ತೆ ಕಪಾಟಿನಲ್ಲಿಡುವಾಗ ಸುಮಾಳ ಮುಖ ಕಣ್ಣ ಮುಂದೆ ಬರುತ್ತಿತ್ತು.

ಹೀಗೆ ಎರಡು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಬಳೆ ಗೆಣ್ಣಿನ ಹತ್ತಿರ ಬಂದು, ಸ್ವಲ್ಪ ಯೋಚಿಸಿ, ಜಾರಿ ಮಣಿಕಟ್ಟಿಗೆ ಬಿತ್ತು!

"ಪಾಸು! ರೀ, ಪಾಸು!" ಎಂದು ಕಿರುಚಿದೆ. ಇವರು ಯಾರೋ ಪರೀಕ್ಷೆ ಪಾಸಾದರೆಂದು ಗಾಬರಿಯಾಗಿ ಎದ್ದು ಬಂದರು.

ಅಲ್ಲಿಂದ ನನ್ನ ತಲೆ ತಿರುಗಿತು. ಮಧ್ಯಾಹ್ನಕ್ಕೆ ಹೆಂಗಸರ ಗುಂಪಿನಲ್ಲಿ ಘೋಷಣೆ ಹಾಕಿದೆ: ಬದನೆಕಾಯಿ ಮತ್ತು ಅದರ ಬಂಧುಬಳಗವೇ ಅಪರಾಧಿ. ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಉಪನ್ಯಾಸ. ಎಲ್ಲರೂ ಬಂದರು. ಕಾರ್ಖಾನೆಯ ಗತ್ತಿನಲ್ಲಿ ಮೂಲ ಕಾರಣ, ತಾತ್ಕಾಲಿಕ ಕ್ರಮ, ಶಾಶ್ವತ ಕ್ರಮ ಎಂದು ವಿವರಿಸಿ, ಕೊನೆಗೆ ಬಳೆ ಏರಿಸಿ ತೋರಿಸಿದೆ. ಚಪ್ಪಾಳೆ! ಮಂಡಿನೋವಿನವರು, ಸೊಂಟನೋವಿನವರು, ಯಾವ ನೋವೂ ಇಲ್ಲದವರು ಕೂಡ ಮರುದಿನದಿಂದ ನವಣೆಗೆ ಇಳಿದರು. ಆ ವಾರ ನಮ್ಮ ಬೀದಿಯ ತರಕಾರಿ ಗಾಡಿಯಲ್ಲಿ ಬದನೆಕಾಯಿ ಬಾಡಿ ಕೂತಿತ್ತು. ಹೀರೆಕಾಯಿಗೆ ಜಗಳ.

ಸುಮ್ಮನೆ ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಒಂದು ಸಂಜೆ ಮಾತ್ರೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ವಿಚಾರ ಮಾಡಿದೆ. ಕೆಲಸ ಮಾಡುತ್ತಿರುವುದು ಪಥ್ಯ. ಮತ್ತೆ ಈ ಮಾತ್ರೆ ಯಾಕೆ? ಅನಗತ್ಯ ವೆಚ್ಚ, ಅನಗತ್ಯ ಹಂತ. ನಮ್ಮ ಕಾರ್ಖಾನೆಯಲ್ಲಾದರೆ ಇಂಥದ್ದನ್ನು ತೆಗೆದುಹಾಕಿದವರಿಗೆ ಬಹುಮಾನ ಕೊಡುತ್ತಾರೆ. ಮಾತ್ರೆಯನ್ನು ಡ್ರಾಯರಿಗೆ ಹಾಕಿದೆ. ಇವರಿಗೂ ಹೇಳಲಿಲ್ಲ.

ಕೆಲವು ವಾರ ಎಲ್ಲ ಚೆನ್ನಾಗಿತ್ತು. ಬಳೆ ಶಾಸ್ತ್ರ ಹತ್ತಿರ ಬರುತ್ತಿದ್ದಂತೆ ಒಂದು ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಕೈಯಿಂದ ಜಾರಿತು. ಗೆಣ್ಣುಗಳು ನಿಂಬೆಹಣ್ಣಾಗಿದ್ದವು. ಬಳೆ ಬೆರಳು ದಾಟಿ ಮುಂದೆ ಬರಲು ಒಪ್ಪಲಿಲ್ಲ.

ನನಗೆ ದಿಕ್ಕೇ ತೋಚಲಿಲ್ಲ. ನಾನು ಬದನೆಕಾಯಿಯನ್ನು ಕಣ್ಣೆತ್ತಿ ಸಹ ನೋಡಿರಲಿಲ್ಲವಲ್ಲ! ಯಾವುದೋ ಅಪರಾಧಿ ಮಾರುವೇಷದಲ್ಲಿ ಮನೆಯೊಳಗೆ ನುಗ್ಗಿರಬೇಕು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ತನಿಖೆಗೆ ಕೂತೆ.

"ರೀ, ಸಿಕ್ಕಿತು! ಇಂಗಿನ ಡಬ್ಬಿ ಮೇಲೆ ಓದಿ. ಇದರಲ್ಲಿ ಗೋಧಿಹಿಟ್ಟು ಸೇರಿಸ್ತಾರಂತೆ! ದಿನಾ ಒಗ್ಗರಣೆಯಲ್ಲಿ ನನಗೆ ಗೋಧಿ ತಿನ್ನಿಸಿದಾರೆ!"

"ಒಗ್ಗರಣೆ ಹಾಕಿದ್ದು ನೀನೇ ಅಲ್ವೇನೇ?"

"ಪ್ರಶ್ನೆ ಅದಲ್ಲ!"

ಇಂಗು ಕಸಕ್ಕೆ ಹೋಯಿತು. ಊತ ಇಳಿಯಲಿಲ್ಲ. ಆಮೇಲೆ ನವಣೆಯ ಮೇಲೆಯೇ ಅನುಮಾನ ಬಂದು ಅದನ್ನೂ ಬಿಟ್ಟೆ. ಈಗ ಉಳಿದದ್ದು ಹೀರೆಕಾಯಿ ಮತ್ತು ಬಿಸಿನೀರು. ಎರಡು ದಿನಕ್ಕೆ ಕಣ್ಣು ಕತ್ತಲೆ ಬಂದು ಸೋಫಾದ ಮೇಲೆ ಕುಸಿದೆ. ಇವರು ಆಟೋ ಕರೆದು ಸೀದಾ ಡಾಕ್ಟರ ಹತ್ತಿರ ಹೊತ್ತೊಯ್ದರು.

ಡಾಕ್ಟರು ಎಲ್ಲ ಕೇಳಿಸಿಕೊಂಡರು. ಬದನೆಕಾಯಿಯ ಕುಲಗೋತ್ರ, ಇಂಗಿನ ಪಿತೂರಿ, ನವಣೆಯ ದ್ರೋಹ. ಕೊನೆಗೆ ಒಂದೇ ಮಾತು ಕೇಳಿದರು.

"ಮಾತ್ರೆ ತಗೊಳ್ತಿದ್ದೀರಲ್ಲಾ?"

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಇವರು ನನ್ನ ಮುಖ ನೋಡಿದರು.

"ಶೈಲಾ! ಬಿಟ್ಬಿಟ್ಟಿದೀಯಾ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಊಟಕ್ಕೂ ಈ ಕಾಯಿಲೆಗೂ ಸಂಬಂಧವೇ ಇಲ್ಲ ಅಂತ ನಾನು ಹೇಳಲ್ಲ. ಕೆಲವರಿಗೆ ಕೆಲವು ತಿಂದಾಗ ನೋವು ಜಾಸ್ತಿ ಅನ್ಸುತ್ತೆ. ಒಳ್ಳೇ ಊಟದಿಂದ ಸಹಾಯಾನೂ ಆಗಬಹುದು. ಆದ್ರೆ ಎಲ್ಲರಿಗೂ ಇದೇ ಅಪರಾಧಿ ಅಂತ ಬೆರಳು ತೋರಿಸೋ ಹಾಗಿಲ್ಲ. ನೀವು ಮಾತ್ರೆ ಶುರು ಮಾಡಿದ್ರಿ, ಅದೇ ವಾರ ಅಡುಗೆಮನೆ ಪೂರ್ತಿ ಖಾಲಿ ಮಾಡಿದ್ರಿ. ಎರಡು ತಿಂಗಳಿಗೆ ಊತ ಇಳೀತು. ಯಾವುದರಿಂದ ಇಳೀತು ಅಂತ ಹೇಗೆ ಹೇಳ್ತೀರಿ? ಮಾತ್ರೆ ಬಿಟ್ರಿ, ಊತ ಬಂತು. ಇದನ್ನಂತೂ ಚಿಕ್ಕ ಮಕ್ಕಳೂ ಹೇಳ್ತಾರೆ." ಆಮೇಲೆ ಕಾಗದದ ಮೇಲೆ ಬರೆಯುತ್ತಾ, "ನೀವೇನು ಕೆಲಸ ಮಾಡ್ತಿದ್ದೀರಿ?" ಅಂದರು.

"ಕ್ವಾಲಿಟಿ ಕಂಟ್ರೋಲ್," ಅಂದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಮತ್ತೆ ಬರೆದರು. ಬೈದಿದ್ದರೆ ವಾಸಿಯಿತ್ತು.

ರಕ್ತಪರೀಕ್ಷೆ ಆಯಿತು, ಮಾತ್ರೆ ಮತ್ತೆ ಶುರುವಾಯಿತು. ಆದರೆ ಅದು ನಿಧಾನಸ್ಥ ಮಾತ್ರೆ. ಸುಮಾಳ ಬಳೆ ಶಾಸ್ತ್ರ ನಿಧಾನಸ್ಥವಲ್ಲ.

ಶಾಸ್ತ್ರದ ದಿನ ಮಾಕಳಿಯ ಅವ್ವನ ಮನೆ ತುಂಬಿ ತುಳುಕುತ್ತಿತ್ತು. ನನ್ನ ಉಪಾಯ ಸರಳವಾಗಿತ್ತು. ಕೈತುಂಬ ಮೆಹಂದಿ, ಕೈಯಲ್ಲಿ ಸದಾ ಒಂದು ಸೌಟು, ಅಡುಗೆಮನೆ ಬಿಟ್ಟು ಹೊರಗೆ ಬರುವುದೇ ಇಲ್ಲ. ಎಲ್ಲರದೂ ಮುಗಿದ ಮೇಲೆ "ಅಯ್ಯೋ, ನನ್ನದು ಮರೆತೇಹೋಯ್ತು" ಅಂದರಾಯಿತು. ಬಾಗಿಲ ಸಂದಿಯಿಂದ ನೋಡಿದೆ. ಪಾರ್ವತಮ್ಮನವರು ಗೋಡೆಗೊರಗಿ, ಎಂದಿನಂತೆ ಸೆರಗಿನೊಳಗೆ ಕೈಯಿಟ್ಟುಕೊಂಡು ಕೂತಿದ್ದರು.

"ಮೊದಲು ಹುಡುಗಿ ಅಕ್ಕನಿಗೆ ಇಡ್ರಿ. ಎಲ್ಲಿ ಆಕೆ?" ಅಂದರು.

"ಪಾಯಸ ಒಲೆ ಮೇಲಿದೆ ಅತ್ತೆ, ನಂದು ಕೊನೆಗಾಗಲಿ," ಎಂದು ಒಳಗಿಂದಲೇ ಕೂಗಿದೆ.

"ಪಾಯಸ ಬೇರೆಯವರು ತಿರುವ್ತಾರೆ. ಬಾರವ್ವ, ಶಾಸ್ತ್ರ ಅಕ್ಕನಿಂದ ಶುರುವಾಗಬೇಕು."

ಯಾರೋ ನನ್ನ ಕೈಯಿಂದ ಸೌಟು ಕಿತ್ತುಕೊಂಡರು. ಇನ್ಯಾರೋ ಚಾಪೆಯ ಮೇಲೆ ಕೂರಿಸಿದರು. ಅವ್ವನ ಮುಖ ಬಿಳುಚಿಕೊಂಡಿತು. ಸುಮಾ ತಲೆತಗ್ಗಿಸಿ ಉಗುರು ನೋಡುತ್ತಿದ್ದಳು.

"ಯಾವ ಅಳತೆ ತಾಯಿ?" ಅಂದಳು ಬಳೆಯಾಕೆ.

ಅದಕ್ಕಿಂತ ದೊಡ್ಡದಾದ ಎರಡು-ಎಂಟು ಅನ್ನಬಹುದಿತ್ತು. ಆದರೆ ಬಾಯಿಗೆ ಅಭಿಮಾನ ನೋಡಿ! "ಎರಡು-ನಾಲ್ಕು," ಅಂದುಬಿಟ್ಟಿತು.

ಬಳೆಯಾಕೆ ಕಸುಬಿನಲ್ಲಿ ಪಳಗಿದವಳು. ನನ್ನ ಗೆಣ್ಣುಗಳನ್ನು ಒಟ್ಟಿಗೆ ಸೇರಿಸಿ ಒಮ್ಮೆ ಒತ್ತಿದಳು. ನನಗೆ ಕೈಲಾಸ ಕಂಡಿತು. "ಸಡಿಲ ಬಿಡ್ರಿ, ಸಡಿಲ ಬಿಡ್ರಿ," ಎನ್ನುತ್ತ ಇನ್ನೊಮ್ಮೆ ಒತ್ತಿದಳು.

"ಅಯ್ಯಯ್ಯೋ ಯವ್ವಾ!"

ಚಟ್ ಎಂದು ಬಳೆ ಒಡೆದು ಚೂರು ಅಕ್ಕಿಯ ತಟ್ಟೆಯಲ್ಲಿ ಬಿತ್ತು. ಶುಭಕಾರ್ಯದಲ್ಲಿ ಮೊದಲ ಬಳೆಯೇ ಚೂರು! ಅವ್ವ ಮುಂದೆ ಬಂದಳು.

"ಅದು... ಕಾರ್ಖಾನೆಯಾಗೆ ಮಿಷನ್ ಬಡಿದು ಕೈ ಊದೈತೆ, ಅಷ್ಟೇ."

"ಎರಡೂ ಕೈಗಾ?" ಅಂದರು ಪಾರ್ವತಮ್ಮ.

ಅವ್ವನ ಹತ್ತಿರ ಎರಡನೆಯ ಮಿಷನ್ ಇರಲಿಲ್ಲ. ನನಗೆ ಅಲ್ಲೇ ಅಳು ಬಂತು. ಮೂರು ತಿಂಗಳ ನವಣೆ, ಹೀರೆಕಾಯಿ, ಭಯ ಎಲ್ಲ ಒಟ್ಟಿಗೆ ಒತ್ತರಿಸಿಕೊಂಡು ಬಂತು. "ಅತ್ತೆ, ನನಗೆ ರುಮಟಾಯ್ಡ್ ಇದೆ. ಮುಚ್ಚಿಟ್ಟಿದ್ವಿ, ತಪ್ಪಾಯ್ತು. ಸುಮಾ ಕೈ ಚೆನ್ನಾಗಿದೆ, ಬೇಕಾದ್ರೆ ನೋಡಿ. ನನ್ನ ಕೈ ನೋಡಿ ಅವಳನ್ನ ಮಾತ್ರ ಬೇಡ ಅನ್ನಬೇಡಿ."

ಪಾರ್ವತಮ್ಮನವರು ಮುಂದೆ ಬಾಗಿ ನನ್ನ ಕೈ ನೋಡಿದರು. ಆಮೇಲೆ ಮೆಲ್ಲಗೆ ಸೆರಗು ಸರಿಸಿ ತಮ್ಮ ಎರಡೂ ಕೈ ಹೊರಗೆ ತೆಗೆದು ನನ್ನ ಕೈಯ ಪಕ್ಕದಲ್ಲಿ ಇಟ್ಟರು. ಅವೇ ಗೆಣ್ಣುಗಳು! ನನ್ನದಕ್ಕಿಂತ ಹಳೆಯವು, ಬೆರಳು ಒಂದು ಕಡೆಗೆ ವಾಲಿದ್ದವು.

"ನಿಮ್ಮವ್ವ ನೋಡಿದ್ರೆ ಸಂಬಂಧ ಬ್ಯಾಡ ಅಂತಾರೇನೋ ಅಂತ ನಿಶ್ಚಿತಾರ್ಥದ ದಿನದಿಂದ ಸೆರಗಿನಾಗೆ ಮುಚ್ಕೊಂಡು ಸಾಕಾಗಿ ಹೋಗೈತೆ ಕಣವ್ವ," ಅಂದರು.

ಅವ್ವ ದೊಪ್ಪೆಂದು ಅಲ್ಲೇ ಕೂತಳು. "ಹಂಗಾದ್ರೆ ಅವತ್ತು ಎಣ್ಣೆಗಾಯಿ?"

"ಬಾಯಾಗೆ ನೀರು ಬಂದಿತ್ರೀ! ಕೀಲಿಗೆ ಬದನೆ ಆಗಲ್ಲ ಅಂದ್ರು ಅಂತ ಬಿಟ್ಟು ವರ್ಷಗಟ್ಟಲೆ ಆತು."

"ಬಿಟ್ಟಿದ್ದಕ್ಕೆ ಕಡಿಮೆ ಆಯ್ತಾ ಅತ್ತೆ?" ನಾನು ಕಣ್ಣೊರೆಸಿಕೊಂಡು ಆಸೆಯಿಂದ ಕೇಳಿದೆ.

"ಯಾವನಿಗೆ ಗೊತ್ತು! ತಿಂದು ನೋಡೋಕೆ ಧೈರ್ಯ ಇಲ್ಲ. ನೀನು ಓದಿದಾಕೆ, ಕಾರ್ಖಾನೆಯಾಗೆ ತಪ್ಪು ಹುಡುಕೋಳು ಅಂತಾರೆ. ನೀನೇ ಹೇಳು, ನಿಂಗೆ ಯಾವುದು ಬಿಟ್ಟಿದ್ದಕ್ಕೆ ಗುಣ ಆಗಿತ್ತು?"

ಮನೆಯ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನನ್ನ ಜೀವನದಲ್ಲಿ ಇಷ್ಟು ಜನ ಇಷ್ಟು ಶ್ರದ್ಧೆಯಿಂದ ನನ್ನ ವರದಿಗೆ ಕಾದದ್ದಿಲ್ಲ.

"ಗೊತ್ತಿಲ್ಲ ಅತ್ತೆ. ಮಾತ್ರೆ ಬಿಟ್ಟಿದ್ದಕ್ಕೆ ಜಾಸ್ತಿಯಾಯ್ತು, ಅದೊಂದು ಮಾತ್ರ ಗೊತ್ತು," ಅಂದೆ.

ಪಾರ್ವತಮ್ಮ ಮೆಲ್ಲಗೆ ಸೂರು ನೋಡಿದರು. ನಾನು ಡಾಕ್ಟರ ಮುಂದೆ ಕ್ಯಾಲೆಂಡರ್ ನೋಡಿದ್ದೆನಲ್ಲ, ಅದೇ ನೋಟ. ಮದುವೆ ಮುಗಿದ ಮರುವಾರವೇ ಅವರನ್ನು ನನ್ನ ಡಾಕ್ಟರ ಹತ್ತಿರ ಕರೆದೊಯ್ಯುವುದೆಂದು ಅಲ್ಲೇ ಮಾತಾಯಿತು.

ಅವತ್ತು ಊಟಕ್ಕೆ ಬೀಗಿತಿ ಮತ್ತು ನಾನು ಅಕ್ಕಪಕ್ಕ ಕೂತೆವು. ಅವ್ವ ಎಣ್ಣೆಗಾಯಿಯ ಪಾತ್ರೆ ಹಿಡಿದು ಎದುರಿಗೆ ನಿಂತಳು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರೂ ಎರಡೆರಡು ಹಾಕಿಸಿಕೊಂಡೆವು. ಆಹಾ! ಎದುರು ಸಾಲಿನಲ್ಲಿ ನಮ್ಮ ಯಜಮಾನರು ಮೂರನೆಯದನ್ನು ಮುಗಿಸಿ ಕಣ್ಣು ತುಂಬಿಕೊಂಡಿದ್ದರು. ಮಾರನೆಯ ಬೆಳಿಗ್ಗೆ ಬೆರಳು ಮಡಚಿ ನೋಡಿದೆ. ಹಿಂದಿನ ದಿನ ಎಷ್ಟು ನೋವಿತ್ತೋ ಅಷ್ಟೇ ಇತ್ತು. ಪಾರ್ವತಮ್ಮನವರು ಫೋನ್ ಮಾಡಿ ತಮಗೆ ಸ್ವಲ್ಪ ಜಾಸ್ತಿ ಅನ್ನಿಸುತ್ತಿದೆ, ಆದರೆ ಅದು ಬದನೆಕಾಯಿಯಿಂದಲೋ ನೆಲದ ಮೇಲೆ ಕೂತದ್ದರಿಂದಲೋ ತಿಳಿಯುತ್ತಿಲ್ಲ ಅಂದರು. ಬದನೆಕಾಯಿ ಅಪರಾಧಿಯೋ ನಿರಪರಾಧಿಯೋ, ವಿಚಾರಣೆ ಇನ್ನೂ ನಡೆದೇ ಇದೆ.

ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ಮಾತ್ರ ನನ್ನ ಪಥ್ಯ ಬಿಟ್ಟಿಲ್ಲ. ಉಪನ್ಯಾಸ ವಾಪಸ್ ತೆಗೆದುಕೊಳ್ಳುತ್ತೇನೆ ಎಂದರೂ ಕೇಳುತ್ತಿಲ್ಲ. ಅವರ ಗಂಡಂದಿರು ಲಿಫ್ಟಿನಲ್ಲಿ ನನ್ನನ್ನು ಕಂಡರೆ ಇಳಿದು ಮೆಟ್ಟಿಲು ಹತ್ತುತ್ತಾರೆ.

ಮೊನ್ನೆ ಕಾರ್ಖಾನೆಯಲ್ಲಿ, ಹಿಂದೆ ಗೇಜು ಉಜ್ಜಿದ್ದ ಅದೇ ಮಹಾಶಯ ನನ್ನ ಕೈಯ ಹಸಿರು ಬಳೆ ನೋಡಿ, "ಮೇಡಂ, ಸಕ್ಕತ್ತಾಗಿದೆ. ಹೊಸ ಬಳೆನಾ?" ಅಂದ. ಹೌದು ಅಂದೆ. ಅವನ ಮುಂದೆ ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಬರಲಿಲ್ಲ. ಅವತ್ತು ಶಾಸ್ತ್ರದಲ್ಲಿ ಪಾರ್ವತಮ್ಮನವರೇ ಆರಿಸಿ, ಸೋಪಿನ ನೀರು ಹಚ್ಚಿ ಇಡಿಸಿದ ಬಳೆ ಅದು. ಅಳತೆ ಎರಡು-ಎಂಟು. ಕೈ ಸರಿಹೋಗಲಿಲ್ಲವೆಂದು ಗೇಜನ್ನೇ ದೊಡ್ಡದು ಮಾಡಿಕೊಂಡು ನಾನು ಪಾಸಾಗಿದ್ದೆ!